ಸೇಂಟ್ ಆಂಡ್ರೂಸಿನ್ಯಾಗ ನಮ್ಮ ಪಾಳಿ ಬರ್ತದೇನ್ರಿ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ಕಾರ್ರಿ ಸರ್. ನಾ ಏರ್‌ಫೋರ್ಸಿನಾಗ ಇದ್ದು ರಿಟೈರ್ ಆದವ, ಈಗ ಬೀದರಿನಾಗೇ ಮನಿ ಕಟ್ಕೊಂಡು ಇದ್ದೀನಿ. ಸರ್ವಿಸಿನಾಗ ಇದ್ದಾಗ ಹೋದ ಹೋದ ಸ್ಟೇಶನ್ನಿನಾಗೆಲ್ಲ ಗಾಲ್ಫ್ ಆಡ್ಕೋತ ಬಂದಂವ, ಈಗ ಐದಾರು ವರ್ಷ ಆತು ಆಟ ಬಿಟ್ಟು, ಕಿಟ್ ಅಟ್ಟದ ಮ್ಯಾಲ ಅದ. ಮಗ ಎಡಿನ್‌ಬರೋದಾಗ ನೌಕ್ರಿ ಮಾಡ್ತಾನ. ಬರೋ ಜೂನಿನಾಗ ನಾನೂ ನಮ್ಮ ಮನಿಯವರೂ ಮೂರು ವಾರ ಅವನ ಹತ್ರ ಹೊಂಟೀವಿ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಾಗ ಓಲ್ಡ್ ಕೋರ್ಸ್ ಅಂತ ಹೆಸರಾದ ಗಾಲ್ಫ್ ಮೈದಾನ ಅದಲ್ಲ, ಅದರಾಗ ಒಂದು ರೌಂಡ್ ಆಡಬೇಕು ಅನ್ನೋದು ನಂದು ಮೂವತ್ತು ವರ್ಷದ ಆಸೆ. ಹೈದರಾಬಾದಿನ ಒಬ್ಬ ಏಜೆಂಟನ್ನ ಕೇಳಿದ್ರ ಹೋಟೆಲ್ಲು, ಬ್ಯಾರೆ ಎರಡ್ಮೂರು ಕೋರ್ಸು ಎಲ್ಲಾ ಸೇರ್ಸಿ ಲಕ್ಷಗಟ್ಲೆ ಹೇಳಿದ, ಟೀ ಟೈಮ್, ಅಂದ್ರ ಆಡೋ ಪಾಳಿ, ಸಿಗಬೇಕಂದ್ರ ಇದೊಂದೇ ದಾರಿ ಅಂದ. ಇದು ಖರೇನಾ? ಮಗ ಆಡಲ್ಲ, ನಾ ಒಬ್ಬನೇ.
(ಓದುಗರು, ಬೀದರ)

ಉತ್ತರ: ಖರೆ ಅಲ್ರಿ ಸಾಹೇಬ್ರ. ಅದೂ ಒಂದು ದಾರಿ, ಆದ್ರ ಅದೊಂದೇ ಅಲ್ಲ, ನಿಮಗ ಅದು ಬೇಕಾಗೂ ಇಲ್ಲ. ನಿಮ್ಮ ಹತ್ರ ಮೂರು ವಾರ ಟೈಮ್ ಅದ, ಮಗ ಒಂದು ತಾಸಿನ ದೂರದಾಗ ಅದಾನ, ಮ್ಯಾಲ ನೀವು ಒಬ್ಬರೇ ಆಡೋರು. ನಿಮ್ಮಷ್ಟು ಅನುಕೂಲ ಇರೋರು ಇಲ್ಲಿಂದ ಭಾಳ ಮಂದಿ ಹೋಗಲ್ಲ.

ಮೊದಲು ಏಜೆಂಟನ ಮಾತು ಮುಗಿಸಿಬಿಡ್ತೀನಿ. ಓಲ್ಡ್ ಕೋರ್ಸ್ ನೋಡ್ಕೊಳ್ಳೋದು ಸೇಂಟ್ ಆಂಡ್ರೂಸ್ ಲಿಂಕ್ಸ್ ಟ್ರಸ್ಟ್. ಅವರು ಕೆಲವು ಟೂರ್ ಕಂಪನಿಗಳಿಗೆ ಅಧಿಕೃತವಾಗಿ ಟೀ ಟೈಮ್ ಕೊಡ್ತಾರ, ಆ ಕಂಪನಿಯವರು ಹೋಟೆಲ್ಲಿನ ಜೊತಿ ಸೇರ್ಸಿ ಪ್ಯಾಕೇಜ್ ಮಾಡಿ ಮಾರ್ತಾರ. ಅದು ಕಾಯ್ದೇಶೀರಾನೇ ಅದ, ಗ್ಯಾರಂಟಿ ಅದ, ರೊಕ್ಕಾನೂ ಹಂಗೇ ಅದ. ಎರಡೇ ದಿನಕ್ಕಂತ ಹೋಗೋ ಮಂದಿಗೆ ಅದೇ ಸರಿ. ಆದ್ರ ಆ ಅಧಿಕೃತ ಪಟ್ಟಿನಾಗ ಇಲ್ಲದವ ಯಾರರೇ 'ನನ್ನ ಹತ್ರ ಟೈಮ್ ಅದ, ಅಡ್ವಾನ್ಸ್ ಹಾಕ್ರಿ' ಅಂದ್ರ ಒಂದು ರೂಪಾಯಿ ಸೈತ ಹಾಕಬ್ಯಾಡ್ರಿ, ಹಂಗ ಕೈ ಬದಲಾದ ಬುಕಿಂಗ್ ಟ್ರಸ್ಟಿನವ್ರು ಒಪ್ಪಲ್ಲ. ಪಟ್ಟಿ ಟ್ರಸ್ಟಿನ ವೆಬ್‌ಸೈಟಿನಾಗೇ ಅದ, ನಿಮ್ಮ ಏಜೆಂಟನ ಹೆಸರು ಅದರಾಗ ಅದೇನೋ ಮಗನಿಗಿ ನೋಡು ಅನ್ರಿ.

ಈಗ ಬಾಕಿ ದಾರಿ. ಒಂದು ಬ್ಯಾಲಟ್. ಅಂದ್ರ ನಮ್ಮ ಕಡಿ ಚೀಟಿ ಎತ್ತೋದು ಅಂತೀವಲ್ಲ ಅದೇ. ಆಡೋ ದಿನಕ್ಕ ಎರಡು ದಿನ ಮೊದಲು ಆನ್‌ಲೈನ್‌ದಾಗ ಹೆಸರು ಹಾಕೋದು, ಕಂಪ್ಯೂಟರ್ ಎತ್ತತದ, ಬಂದ್ರ ಬಂತು ಇಲ್ಲಂದ್ರ ಮರುದಿನ ಮತ್ತ ಹಾಕೋದು. ಹೆಸರು ಹಾಕ್ಲಿಕ್ಕೆ ರೊಕ್ಕ ಇಲ್ಲ, ಪಾಳಿ ಬಂದ ಮ್ಯಾಲಷ್ಟೇ ಗ್ರೀನ್ ಫೀ, ಅಂದ್ರ ಆಡ್ಲಿಕ್ಕೆ ಕೊಡೋ ರೊಕ್ಕ, ಕಟ್ಟೋದು. ಆದ್ರ ಇದಕ್ಕ ಕಮ್ಮಿ ಅಂದ್ರ ಇಬ್ಬರು ಬೇಕು, ನಾಕು ಮಂದಿ ತನಕ ನಡೀತದ, ಒಬ್ಬರೇ ಹಾಕ್ಲಿಕ್ಕೆ ಬರಲ್ಲ. ಅಂತಿಮ ಟೈಮು ಎಷ್ಟು ಗಂಟಿಗಿ ಅಂತ ಸೈಟಿನಾಗ ನೋಡ್ಕೊಂಡು ಫೋನಿನಾಗ ಅಲಾರಂ ಇಟ್ಕೊಳ್ರಿ, ಯಾಕಂದ್ರ ಒಂದು ನಿಮಿಷ ತಡ ಆದ್ರೂ ಆ ದಿನ ಹೋದಂಗೇ. ತತ್ಕಾಲ್ ಟಿಕೆಟ್ ತಗದವರಿಗೆ ಈ ಮಾತು ಬಿಡಿಸಿ ಹೇಳೋದು ಬ್ಯಾಡ, ಆದ್ರ ಒಂದು ಫರಕ್ ಅದ. ತತ್ಕಾಲಿನಾಗ ಮೊದಲು ಒತ್ತಿದವಗ ಟಿಕೆಟ್, ಇಲ್ಲಿ ಮುಂಜಾನಿ ಹಾಕಿದ್ರೂ ಅಷ್ಟೇ, ಕಡಿಗಿ ಹಾಕಿದ್ರೂ ಅಷ್ಟೇ, ಎಲ್ಲಾರ ಚೀಟಿನೂ ಒಂದೇ ಡಬ್ಬಿನಾಗ. ನಂಗ ಇದು ಭಾಳ ಸೇರ್ತದ.

ಎರಡನೇದು ನಿಮ್ಮಂಥ ಒಂಟಿ ಆಟಗಾರರಿಗೆ ಅಂತನೇ ಇರೋದು, ಸಿಂಗಲ್ಸ್ ಡ್ರಾ. ನಿಮ್ಮ ಆಸೆ ಇದರಿಂದನೇ ಆಗೋದು ಅಂತ ನನಗ ಅನಸ್ತದ. ಇಬ್ಬರೋ ಮೂವರೋ ಇರೋ ಗುಂಪಿನಾಗ ಜಾಗ ಖಾಲಿ ಉಳೀತದಲ್ಲ, ಅಲ್ಲಿ ಒಬ್ಬೊಬ್ಬರನ್ನ ಸೇರಸ್ತಾರ. 2024ರ ಮುಂಚೆ ಇದಕ್ಕ ರಾತ್ರಿ ಪೂರಾ ಪಾಳಿ ಹಚ್ಚಬೇಕಿತ್ತು. ನಾ ಹೋಗಿದ್ದು 2023ರ ಜೂನ್, ಆ ಪಾಳಿನಾಗ ನಿಂತು ಬಂದಂವ ನಾ.

ರಾತ್ರಿ ಹನ್ನೆರಡೂವರಿಗೆ ಹೋದೆ, ಓಲ್ಡ್ ಪೆವಿಲಿಯನ್ ಅಂತ ಮೊದಲನೇ ಟೀ ಬಾಜೂಕೇ ಇರೋ ಸಣ್ಣ ಕಟ್ಟಡ, ಅದರ ಮುಂದ ಆಗಲೇ ಹನ್ನೊಂದು ಮಂದಿ. ಸ್ಲೀಪಿಂಗ್ ಬ್ಯಾಗ್ ಹಾಸಿ ಮಲಕೊಂಡವರು, ಮಡಚೋ ಖುರ್ಚಿ ತಂದವರು, ಗಾಲ್ಫ್ ಬ್ಯಾಗೇ ತೆಲಿದಿಂಬು ಮಾಡಿದವರು. ನಾ ಕಲಬುರಗಿ ಮೇ ತಿಂಗಳ ಬಿಸಲಿನಾಗಿಂದ ಹೋದವ, ಜೂನ್ ಅಂದ್ರ ಬೇಸಿಗಿ ಅಂದ್ಕೊಂಡು ಒಂದು ಸ್ವೆಟರ್ ಹಾಕೊಂಡು ಹೋಗಿದ್ದೆ, ಸಮುದ್ರದ ಕಡಿಯಿಂದ ಮಂಜು ಬಂದು ಕೂದಲಿಗೆಲ್ಲ ಹನಿ ಕೂತು ಹಲ್ಲು ಕಟಕಟ ಅನ್ಲಿಕ್ಕತ್ತಿದ್ವು. ಬಾಜೂಕ ಕೂತಿದ್ದ ಮುದುಕರೊಬ್ಬರು, ಕೆನಡಾದವರಂತ, ಏನೂ ಕೇಳಲಿಲ್ಲ, ಥರ್ಮಾಸಿನ ಮುಚ್ಚಳದಾಗ ಚಹಾ ಹಾಕಿ ನನ್ನ ಕೈಗಿ ಕೊಟ್ರು. ಮೂರೂವರಿಗೆಲ್ಲ ಆಕಾಶ ಬೆಳ್ಳಗಾತು, ಆಗ ನೋಡಿದೆ ಮೊದಲನೇ ಫೇರ್‌ವೇ, ಎದುರಿಗೆ ಹಸರು ಹಾಸಿದಂಗ, ಗಿಡ ಇಲ್ಲ ಬೇಲಿ ಇಲ್ಲ, ಊರಾಗೇ ಬಂದು ಕೂಡ್ತದ. ಮುಂಜಾನಿ ಬಾಗಿಲ ತಗದು ಹೆಸರು ಬರ್ಕೊಂಡ್ರು, ನಂಗ ಮಧ್ಯಾಹ್ನ ಎರಡಕ್ಕ ಪಾಳಿ ಬಂತು.

ಈಗ ಆ ರಾತ್ರಿ ಪಾಳಿ ಇಲ್ಲ. 2024ರಿಂದ ಏನು ಮಾಡ್ಯಾರಂದ್ರ, ಆಡೋ ದಿನದ ಹಿಂದಿನ ದಿನ ಮುಂಜಾನಿ 9ರಿಂದ ಸಂಜಿ 5ರ ಒಳಗ ನೀವೇ ಖುದ್ದ ಹೋಗಿ ಓಲ್ಡ್ ಪೆವಿಲಿಯನ್ನಿನಾಗೋ ಲಿಂಕ್ಸ್ ಕ್ಲಬ್‌ಹೌಸಿನಾಗೋ ಹೆಸರು ಹಾಕಬೇಕು, ಐದರ ಮ್ಯಾಲ ಡ್ರಾ ಆಗ್ತದ, ಬಂದ್ರ ಮೆಸೇಜ್ ಬರ್ತದ. ಫೋನಿನಾಗ ಕೂತು ಹಾಕ್ಲಿಕ್ಕೆ ಬರಲ್ಲ, ನಿಮ್ಮ ಮಗ ಹೋಗಿ ನಿಮ್ಮ ಹೆಸರು ಹಾಕ್ತೀನಿ ಅಂದ್ರೂ ನಡಿಯಲ್ಲ. ಆ ರಾತ್ರಿಯ ಚಹಾ ಇನ್ನ ಯಾರಿಗೂ ಸಿಗಲ್ಲಲ್ಲ ಅಂತ ನಂಗ ಸ್ವಲ್ಪ ಬ್ಯಾಸರ ಅದ, ಆದ್ರ ಅರವತ್ತು ದಾಟಿದವರು ಆ ಥಂಡಿನಾಗ ನೆಲದ ಮ್ಯಾಲ ಕೂಡೋದು ತಪ್ಪಿತು, ಅದು ಛಲೋನೇ ಆಗ್ಯಾದ.

ಹಿಂಗಾಗಿ ನನ್ನ ಹಿಶೇಬ ಇದು. ಎಡಿನ್‌ಬರೋದಿಂದ ದಿನಾ ಹೋಗಿ ಬರೋದು ಬ್ಯಾಡ, ಒಂದು ದಿನ ಹೆಸರು ಹಾಕ್ಲಿಕ್ಕೆ ಮರುದಿನ ಆಡ್ಲಿಕ್ಕೆ ಅಂತ ಓಡ್ಯಾಡಿ ಸಾಕಾಗ್ತದ. ಮೂರು ವಾರದಾಗ ಐದು ದಿನ ಸೇಂಟ್ ಆಂಡ್ರೂಸಿನಾಗೇ ಇರ್ರಿ, ಸೋಮವಾರದಿಂದ ಶುಕ್ರವಾರ. ಭಾನುವಾರ ಓಲ್ಡ್ ಕೋರ್ಸಿನಾಗ ಆಟ ಇಲ್ಲ, ಅದಕ್ಕ ಆ ದಿನ ಲೆಕ್ಕಕ್ಕ ಹಿಡಿಬ್ಯಾಡ್ರಿ. ಊರಿನ ಹೋಟೆಲ್ ಜೂನಿನಾಗ ಭಾಳ ತುಟ್ಟಿ, ಆದ್ರ ಅಲ್ಲಿ ಯೂನಿವರ್ಸಿಟಿ ಅದ, ಹುಡುಗರು ರಜಕ್ಕ ಹೋದಾಗ ಹಾಸ್ಟೆಲ್ ರೂಮ್ ಬಾಡಗಿಗಿ ಕೊಡ್ತಾರ, ನಾ ಹಂಗೇ ಇದ್ದೆ. ಟ್ರೇನಿನಾಗ ಹೋಗೋದಾದ್ರ ಲೂಕರ್ಸ್ ಅಂತ ಸ್ಟೇಶನ್ ಬರ್ತದ, ಎಡಿನ್‌ಬರೋದಿಂದ ಹತ್ರಹತ್ರ ಒಂದು ತಾಸು, ಅಲ್ಲಿ ಇಳಿದು ಬಸ್ ಹಿಡೀಬೇಕು, ಸೇಂಟ್ ಆಂಡ್ರೂಸ್ ಊರಿಗಿ ಈಗ ರೈಲಿಲ್ಲ.

ಡ್ರಾ ಬರದ ದಿನ ರೂಮಿನಾಗ ಕೂಡಬ್ಯಾಡ್ರಿ. ಬಾಜೂಕೇ ನ್ಯೂ ಕೋರ್ಸ್ ಅದ, ಹೆಸರಿಗಷ್ಟೇ ನ್ಯೂ, 1895ರದು, ಓಲ್ಡ್ ಟಾಮ್ ಮಾರಿಸ್ ಮಾಡಿದ್ದು. ಅದೇ ಮಣ್ಣು ಅದೇ ಗಾಳಿ, ರೊಕ್ಕ ಭಾಳ ಕಮ್ಮಿ, ಟೈಮ್ ಸಲೀಸಾಗಿ ಸಿಗ್ತದ. ಜುಬಿಲಿ ಅದ, 1897ರದು. ಎಲ್ಲಾ ಸೇರಿ ಅಲ್ಲಿ ಏಳು ಕೋರ್ಸು ಅವ. ಇನ್ನೊಂದು ಲಾಭ, ನ್ಯೂ ಕೋರ್ಸಿನಾಗ ಆಡುವಾಗ ನಿಮ್ಮ ಜೊತಿ ಬಂದವರು ಹೆಚ್ಚಾಗಿ ಓಲ್ಡ್ ಕೋರ್ಸಿನ ಆಸೆ ಇಟ್ಕೊಂಡು ಬಂದವರೇ ಇರ್ತಾರ, 'ನಾಡಿದ್ದಿನ ಬ್ಯಾಲಟ್ಟಿಗೆ ನನ್ನ ಹೆಸರೂ ಸೇರಸ್ತೀರೇನ್ರಿ' ಅಂತ ಬಾಯಿ ಬಿಟ್ಟು ಕೇಳ್ರಿ. ಇಬ್ಬರು ಇದ್ದವರಿಗೆ ಮೂರನೇಯವರು ಸೇರಿದ್ರ ಅವರಿಗೇನೂ ತೊಂದ್ರಿ ಇಲ್ಲ. ನಾಚ್ಕೊಂಡು ಸುಮ್ಮನಿದ್ರ ದಿನಕ್ಕ ಒಂದೇ ಅವಕಾಶ, ಕೇಳಿದ್ರ ಬ್ಯಾಲಟ್ಟೂ ಆತು ಸಿಂಗಲ್ಸೂ ಆತು, ದಿನಕ್ಕ ಎರಡು.

ಈಗ ಖರೆ ಕೆಲಸ, ಇದನ್ನ ಈ ವಾರನೇ ಶುರು ಮಾಡ್ರಿ. ಹ್ಯಾಂಡಿಕ್ಯಾಪ್, ಅಂದ್ರ ನಿಮ್ಮ ಆಟ ಎಷ್ಟು ಪಳಗ್ಯಾದ ಅಂತ ತೋರಸೋ ನಂಬರ್, ಕಮ್ಮಿ ಇದ್ದಷ್ಟು ಛಲೋ. ಓಲ್ಡ್ ಕೋರ್ಸಿಗೆ ಗಂಡಸರಿಗೂ ಹೆಂಗಸರಿಗೂ 36ರ ಒಳಗ ಹ್ಯಾಂಡಿಕ್ಯಾಪ್ ಇರಬೇಕು, ಅದೂ ಅಧಿಕೃತ, ಚಾಲ್ತಿ ಇರೋದು. 'ನಾ ಸರ್ವಿಸಿನಾಗ ಹದಿನಾರು ಇದ್ದೆ' ಅಂತ ಬಾಯಿಲೇ ಹೇಳಿದ್ರ ಆಗಲ್ಲ. ನಾನೊಂದು ಪೂರಾ ದಿನ ಕಳಕೊಂಡಿದ್ದು ಇದೇ ಕಾಗದಕ್ಕ. ನಮ್ಮ ಕ್ಲಬ್ಬಿನಾಗ ಕೇಳಿದಾಗ ಹಳೇ ತಾರೀಖಿನ ಸರ್ಟಿಫಿಕೇಟಿಗೇ ಒಂದು ಸಿಕ್ಕಾ ಹೊಡದು ಕೊಟ್ಟಿದ್ರು, ನಾನೂ ನೋಡ್ದೆ ಬ್ಯಾಗಿನಾಗ ಇಟ್ಕೊಂಡೆ, ಅಲ್ಲಿ ಕೌಂಟರಿನಾಗ ಆ ಹುಡುಗಿ ತಾರೀಖು ನೋಡಿ ಭಾಳ ನಯವಾಗಿ ವಾಪಸ್ ಕೊಟ್ಟಳು. ಭಾರತದಾಗ ಮಧ್ಯಾಹ್ನ ದಾಟಿತ್ತು, ಫೋನ್ ಹಚ್ಚಿ ಹೊಸದು ಈಮೇಲ್‌ದಾಗ ತರಿಸೋದ್ರಾಗ ಅಲ್ಲಿ ಸಂಜಿ ಆತು. ನಿಮಗ ಹಂಗ ಆಗಬಾರದು. ಹ್ಯಾಂಡಿಕ್ಯಾಪ್ ಹೊಸದಾಗಿ ಮಾಡಿಸ್ಲಿಕ್ಕೆ 54 ಹೋಲಿನ ಸ್ಕೋರ್ ಬೇಕು, ಅಂದ್ರ 18ರದು ಮೂರು ರೌಂಡ್, ಜೊತಿಗಿ ಆಡಿದವರು ಸಹಿ ಮಾಡಿದ್ದು. ಬೀದರಿನಿಂದ ಹೈದರಾಬಾದು ನೂರಾ ನಲವತ್ತು ಕಿಲೋಮೀಟರ್ ಆಸುಪಾಸು, ಮೂರು ಸಲ ಹೋಗಿ ಬಂದ್ರ ಮುಗೀತು, ಕೈನೂ ಸಡಲ ಆಗ್ತದ. ನಿಮ್ಮ ಸರ್ವಿಸಿನ ಗೆಳೆಯರು ಯಾವುದರೇ ಕೋರ್ಸಿನ ಮೆಂಬರ್ ಇದ್ರ ಅಲ್ಲೇ ಮಾಡಿಸ್ಕೊಳ್ರಿ. ಪ್ರಿಂಟೊಂದು, ಫೋನಿನಾಗ ಒಂದು, ಮಗನ ಈಮೇಲಿನಾಗ ಒಂದು ಇಡ್ರಿ, ಪಾಸ್‌ಪೋರ್ಟ್ ಜೊತಿಗೇ ಒಯ್ಯಿರಿ.

ರೊಕ್ಕ ಎಷ್ಟಂತ ನೀವು ಕೇಳಿಲ್ಲ, ನಾನೇ ಹೇಳ್ತೀನಿ. ಜೂನಿನಾಗ ಗ್ರೀನ್ ಫೀ 300 ಪೌಂಡಿನ ಮ್ಯಾಲ ಅದ, ನಮ್ಮ ರೊಕ್ಕದಾಗ ಮೂವತ್ತೈದು ಸಾವಿರ ದಾಟ್ತದ ಅಂತ ಹಿಡೀರಿ, ಬ್ಯಾಗ್ ಹೊತ್ಕೊಂಡು ಎಲ್ಲಿ ಹೊಡೀಬೇಕು ಅಂತ ಹೇಳೋ ಕ್ಯಾಡಿದು ಬ್ಯಾರೆ. ಕಮ್ಮಿ ಏನಲ್ಲ. ಚಳಿಗಾಲದಾಗ ಭಾಳ ಇಳೀತದ, ಆದ್ರ ಆಗ ಫೇರ್‌ವೇದಾಗ ಸಣ್ಣ ಮ್ಯಾಟ್ ಇಟ್ಟು ಅದರ ಮ್ಯಾಲಿಂದ ಹೊಡೀಬೇಕು, ಹುಲ್ಲು ಉಳೀಲಿ ಅಂತ. ನೀವು ಜೂನಿನಾಗೇ ಹೋಗ್ರಿ, ರಾತ್ರಿ ಹತ್ತರ ತನಕ ಬೆಳಕಿರ್ತದ, ಅದಕ್ಕೇ ಪಾಳಿನೂ ಜಾಸ್ತಿ ಇರ್ತಾವ. ಈ ಪತ್ರಾ ಓದಿ 2027ಕ್ಕ ಹೋಗ್ಬೇಕು ಅನ್ನೋರು ಜುಲೈ ಬಿಡ್ರಿ, ಆಗ ಓಪನ್ ಚಾಂಪಿಯನ್‌ಶಿಪ್ ಅಲ್ಲೇ ಅದ.

ಕ್ಯಾಡಿ ತಗೋರಿ ಸಾಹೇಬ್ರ, ಅಲ್ಲಿ ಉಳಿಸಬ್ಯಾಡ್ರಿ. 112 ಬಂಕರ್, ಅಂದ್ರ ಮರಳಿನ ಗುಂಡಿ, ಅವ ಅಲ್ಲಿ, ಅರ್ಧ ಟೀ ಮ್ಯಾಲ ನಿಂತ್ರ ಕಾಣಸೋದೇ ಇಲ್ಲ. 2000ರ ಓಪನ್ನಿನಾಗ ಟೈಗರ್ ವುಡ್ಸ್ ನಾಕೂ ದಿನ ಒಂದು ಬಂಕರಿಗೂ ಬೀಳಲಿಲ್ಲ, ಎಂಟು ಸ್ಟ್ರೋಕಿನಿಂದ, ಅಂದ್ರ ಎಂಟು ಹೊಡೆತ ಕಮ್ಮಿನಾಗ, ಗೆದ್ದ. ನನ್ನ ಕ್ಯಾಡಿ ಮೊದಲನೇ ಹೋಲಿನಾಗೇ ಹೇಳಿದ್ದು ಒಂದೇ ಮಾತು, ಎಡಕ್ಕ ಹೊಡೀರಿ, ಗೊತ್ತಾಗ್ದಿದ್ರ ಎಡಕ್ಕೇ ಹೊಡೀರಿ. ಮೊದಲನೇ ಟೀ ಮ್ಯಾಲ ನಿಂತಾಗ ಹಿಂದ ಮಂದಿ ನೋಡ್ಕೋತ ನಿಂತಿರ್ತಾರ, ಸ್ಟಾರ್ಟರ್ ನಿಮ್ಮ ಹೆಸರು ಕರೀತಾರ, ನನಗ ಕೈಯಾಗಿನ ಬಾಲು ಟೀ ಮ್ಯಾಲ ನಿಲ್ಲಸ್ಲಿಕ್ಕೆ ಮೂರು ಸಲ ಆತು. ಮುಂದಿನ ಫೇರ್‌ವೇ 18ನೇದ್ರ ಜೊತಿ ಕೂಡಿ ಅಷ್ಟು ಅಗಲ ಅದ, ಗಾಬರಿ ಆಗಬ್ಯಾಡ್ರಿ. ನಡೀಲಿಕ್ಕೆ ಮಾತ್ರ ರೆಡಿ ಇರ್ರಿ, ವೈದ್ಯರ ಚೀಟಿ ಇಲ್ಲದ ಗಾಡಿ ಕೊಡಲ್ಲ, ಪೂರಾ ಹದಿನೆಂಟೂ ಕಾಲ್ನಡಿಗಿ. ಈಗಿಂದ ದಿನಾ ಮುಂಜಾನಿ ಬೀದರ ಕೋಟಿ ಒಂದು ಸುತ್ತು ಹಾಕ್ರಿ, ನಿಮಗ ಅದಕ್ಕಿಂತ ಛಲೋ ತಯಾರಿ ಇಲ್ಲ.

ಪ್ರಶ್ನೆ: ಸರ್, ನಾ ಶಾಲಿ ಮಾಸ್ತರ, ಗಾಲ್ಫ್ ಆಡಿಲ್ಲ, ಟಿವಿನಾಗ ನೋಡ್ತೀನಿ. ಟೀ ಟೈಮ್ ಅಂದ್ರೇನು? ಇನ್ನೊಂದು, ಸೇಂಟ್ ಆಂಡ್ರೂಸಿನ ಅಷ್ಟು ದೊಡ್ಡ ಮೈದಾನ ಪಬ್ಲಿಕ್‌ದು ಅಂತಾರ, ಗಾಲ್ಫ್ ಅಂದ್ರ ಸಾಹುಕಾರರ ಕ್ಲಬ್ಬು ಅಲ್ಲೇನ್ರಿ?
(ಓದುಗರು, ಯಾದಗಿರಿ)

ಉತ್ತರ: ಮಾಸ್ತರ, ಚಹಾಕ್ಕೂ ಇದಕ್ಕೂ ಸಂಬಂಧ ಇಲ್ರಿ. ಆಟ ಶುರು ಮಾಡೋ ಜಾಗಕ್ಕ ಟೀ ಅಂತಾರ, ಬಾಲ್ ಇಡೋ ಸಣ್ಣ ಗೂಟಕ್ಕೂ ಟೀ ಅಂತಾರ. ಹತ್ತು ನಿಮಿಷಕ್ಕೊಂದು ಗುಂಪು ಅಂತ ಬಿಡ್ತಾರ, ಗುಂಪಿನಾಗ ನಾಕು ಮಂದಿ, ನಿಮ್ಮ ಗುಂಪು ಹೊಡೆಯೋ ಪಾಳಿ ಯಾವಾಗ ಅನ್ನೋದು ಟೀ ಟೈಮ್. ನಮ್ಮ ಪಾಳಿ ಅನ್ನೋ ಶಬ್ದ ಅದಕ್ಕ ಸರಿ ಹೊಂದ್ತದ.

ಎರಡನೇ ಪ್ರಶ್ನೆ ನೀವು ಕೇಳಿದ್ದು ನಂಗ ಖುಷಿ ಆತು, ಯಾಕಂದ್ರ ಮಂದಿ ಅಲ್ಲಿಗೆ ಹೋಗಿ ಬಂದವರು ಸೈತ ಇದನ್ನ ತಿಳ್ಕೊಂಡು ಬರಲ್ಲ. ಓಲ್ಡ್ ಕೋರ್ಸ್ ಅಂದ್ರ ಗಾಯರಾಣ ಅಂತ ತಿಳೀರಿ. ನಮ್ಮ ಊರಾಗ ದನ ಮೇಯಿಸ್ಲಿಕ್ಕೆ, ಹುಡುಗರು ಆಡ್ಲಿಕ್ಕೆ, ರಾಶಿ ಮಾಡ್ಲಿಕ್ಕೆ ಊರೆಲ್ಲಾರಿಗೂ ಬಿಟ್ಟ ಜಮೀನು ಇರ್ತದಲ್ಲ, ಹಂಗ. ಸಮುದ್ರಕ್ಕೂ ಹೊಲಕ್ಕೂ ನಡುವ ಮರಳಿನ ಭೂಮಿ, ಬೆಳಿ ಬರಲ್ಲ, ಅದಕ್ಕ ಲಿಂಕ್ಸ್ ಅಂತಾರ. 1457ರಾಗ ಸ್ಕಾಟ್ಲೆಂಡಿನ ರಾಜ ಎರಡನೇ ಜೇಮ್ಸ್ ಗಾಲ್ಫ್ ಬಂದ್ ಮಾಡ್ರಿ ಅಂತ ಹುಕುಂ ಹೊರಡಿಸಿದ್ದ, ಮಂದಿ ಬಿಲ್ಲುವಿದ್ಯಾ ಬಿಟ್ಟು ಇದನ್ನೇ ಆಡ್ಲತ್ತಾರ ಅಂತ. 1552ರಾಗ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಬರದು ಕೊಟ್ಟ ಸನದಿನಾಗ, ಈ ನೆಲದ ಮ್ಯಾಲ ಗಾಲ್ಫ್ ಆಡೋ ಹಕ್ಕು ಊರ ಮಂದಿಗೆ ಅದ ಅಂತ ಒಪ್ಪಿಕೊಂಡಾರ.

ಹಂಗಂತ ಅದು ಸುಮ್ಮನೇ ಉಳೀಲಿಲ್ಲ ಮಾಸ್ತರ. 1797ರಾಗ ಊರ ಆಡಳಿತ ಸಾಲದಾಗ ಮುಳುಗಿ ಈ ಜಮೀನು ಮಾರಿಬಿಟ್ಟಿತು, ತಗೊಂಡವರು ಅಲ್ಲಿ ಮೊಲ ಸಾಕ್ಲಿಕ್ಕೆ ಶುರು ಮಾಡಿದ್ರು, ಮೊಲ ಎಲ್ಲಾ ಕಡಿ ಬಿಲ ತೋಡಿ ಮೈದಾನ ಹಾಳು ಮಾಡಿದ್ವು, ಆಟಗಾರರಿಗೂ ಮೊಲದವರಿಗೂ ಕೋರ್ಟು ಕಚೇರಿ ವರ್ಷಗಟ್ಲೆ ನಡೀತು. ಕಡಿಗಿ 1821ರಾಗ ಜೇಮ್ಸ್ ಚೀಪ್ ಅನ್ನೋ ಜಮೀನ್ದಾರ, ತಾನೂ ಗಾಲ್ಫ್ ಆಡೋನು, ಆ ಭೂಮಿ ಕೊಂಡು ಆಟ ಉಳಿಸಿದ. 1894ರಾಗ ಊರ ಕೌನ್ಸಿಲ್ಲು ಅದನ್ನ ವಾಪಸ್ ತಗೊಂತು, 1974ರಾಗ ಪಾರ್ಲಿಮೆಂಟಿನ ಕಾಯ್ದೆದಾಗ ಈಗಿನ ಟ್ರಸ್ಟ್ ಆತು. ಮೊದಲನೇ ಟೀ ಹಿಂದ ಕಾಣಸ್ತದಲ್ಲ ಕಲ್ಲಿನ ದೊಡ್ಡ ಕಟ್ಟಡ, ಅದು ಮಾತ್ರ ಖಾಸಗಿ ಕ್ಲಬ್ಬಿಂದು, ಮೈದಾನ ಅವರದಲ್ಲ. ಟಿವಿನಾಗ ಎರಡೂ ಕೂಡೇ ತೋರಸ್ತಾರ, ಅದಕ್ಕೇ ಎಲ್ಲಾ ಸಾಹುಕಾರರದು ಅನಸ್ತದ.

ನಂಗ ಕಣ್ಣಿಗಿ ಕಟ್ಟಿದ್ದು ಇನ್ನೊಂದು. ಒಂದನೇ ಮತ್ತ ಹದಿನೆಂಟನೇ ಹೋಲಿನ ನಡು ಹಾದು ಒಂದು ದಾರಿ ಹೋಗ್ತದ, ಗ್ರ್ಯಾನಿ ಕ್ಲಾರ್ಕ್ಸ್ ವೈಂಡ್ ಅಂತ, ಊರಿಂದ ಸಮುದ್ರಕ್ಕ ಹೋಗೋ ಮಂದಿ ದಾರಿ. ಪ್ರಪಂಚದಾಗ ಇಷ್ಟು ಹೆಸರಾದ ಮೈದಾನ, ನಾ ಹದಿನೆಂಟನೇದ್ರಾಗ ಹೊಡೀಲಿಕ್ಕೆ ರೆಡಿ ಆಗೀನಿ, ಒಬ್ಬ ಅವ್ವ ಕೂಸಿನ ಗಾಡಿ ತಳ್ಕೋತ ಆ ದಾರಿ ದಾಟ್ಲಿಕ್ಕತ್ತಾಳ, ಸ್ಟಾರ್ಟರು, ಕ್ಯಾಡಿ, ನಾಕೂ ಆಟಗಾರರು ಎಲ್ಲಾರೂ ಕ್ಲಬ್ ಕೆಳಗ ಇಟ್ಟು ಆಕಿ ದಾಟೋ ತನಕ ನಿಂತ್ವಿ. ಆಕಿ ಗಡಬಡಿಸಲಿಲ್ಲ, ಯಾಕಂದ್ರ ದಾರಿ ಆಕಿದು.

ಪ್ರಶ್ನೆ: ಸರ್, ನಮ್ಮ ಅಳಿಯ ನ್ಯೂಜೆರ್ಸಿನಾಗ ಇರ್ತಾರ. ನ್ಯೂಯಾರ್ಕಿನ ಬೆತ್‌ಪೇಜ್ ಬ್ಲ್ಯಾಕ್ ಕೋರ್ಸಿಗೆ ಮಂದಿ ಕಾರಿನಾಗ ಮಲಗಿ ಪಾಳಿ ಹಿಡೀತಾರಂತ, ನಾನೂ ಹೋಗ್ಬೇಕು ಅಂತ ನಮ್ಮ ಯಜಮಾನರು ಹಟ ಹಿಡದಾರ. ಅವರಿಗೆ ಅರವತ್ತೆರಡು, ಬಿಪಿ ಅದ. ಕಳಸಬಹುದೇನ್ರಿ?
(ಓದುಗರು, ಕಲಬುರಗಿ)

ಉತ್ತರ: ಅಕ್ಕಾರ, ಬಿಪಿ ಮಾತು ಡಾಕ್ಟರ್ ಹೇಳಬೇಕು, ಅವರು ಹೂಂ ಅಂದ್ರ ಕಳಸ್ರಿ, ಆದ್ರ ಕಾರಿನಾಗ ಮಲಗೋದು ಬ್ಯಾಡ. ಬೆತ್‌ಪೇಜ್ ನ್ಯೂಯಾರ್ಕ್ ರಾಜ್ಯ ಸರ್ಕಾರದ ಪಾರ್ಕು, ಐದು ಕೋರ್ಸು ಅವ, ಬ್ಲ್ಯಾಕ್ ಅದರಾಗ ಒಂದು, 1936ರದು. 2002ರಾಗ ಯುಎಸ್ ಓಪನ್ ಅಲ್ಲಿ ನಡೀತು, 2025ರಾಗ ರೈಡರ್ ಕಪ್ ಆತು. ಕಾರಿನ ಮಾತು ಖರೇನೇ, ಪಾರ್ಕಿಂಗಿನಾಗ ನಂಬರ್ ಹಾಕಿದ ಜಾಗ ಅವ, ರಾತ್ರಿನೇ ಹೋಗಿ ನಿಲ್ಲಿಸಿ ಅದರಾಗೇ ಮಲಗ್ತಾರ, ಮುಂಜಾನಿ ಕೆಲವು ಪಾಳಿ ಬುಕಿಂಗಿಗೆ ಇಡದೇ ಹಂಗ ಬಂದು ನಿಂತವರಿಗೇ ಕೊಡ್ತಾರ. ಬುಕಿಂಗ್ ಮಾಡೋದಾದ್ರ ನ್ಯೂಯಾರ್ಕ್ ರಾಜ್ಯದವರಿಗೆ ಮೊದಲು ತೆರೀತದ, ರೇಟೂ ಅವರಿಗೆ ಕಮ್ಮಿ, ನಿಮ್ಮ ಅಳಿಯ ನ್ಯೂಜೆರ್ಸಿಯವರು, ಹಿಂಗಾಗಿ ಆ ಲಾಭ ಸಿಗಲ್ಲ. ಅಳಿಯನ ಆಫೀಸಿನಾಗ ನ್ಯೂಯಾರ್ಕಿನವರು ಯಾರರೇ ಆಡೋರು ಇದ್ರ ಅವರ ಗುಂಪಿನಾಗ ಇವರನ್ನ ಸೇರಿಸ್ಲಿಕ್ಕೆ ಕೇಳ್ರಿ, ಅದೇ ಸುಲಭ.

ಮೊದಲನೇ ಟೀ ಹತ್ರ ಒಂದು ಬೋರ್ಡ್ ಹಾಕ್ಯಾರ, ಈ ಕೋರ್ಸ್ ಭಾಳ ಕಠಿಣ ಅದ, ಪಳಗಿದವರಷ್ಟೇ ಆಡ್ರಿ ಅಂತ. ಸುಮ್ಮನೇ ಹಾಕಿದ್ದಲ್ಲ ಅದು. ಗಾಡಿ ಇಲ್ಲ, ಏರು ಇಳಕಲು ನಡೀಬೇಕು. ಸೇಂಟ್ ಆಂಡ್ರೂಸ್ ಸಪಾಟ ಅದ, ಇದು ಹಂಗಲ್ಲ. ಅದೇ ಪಾರ್ಕಿನಾಗ ರೆಡ್ ಕೋರ್ಸ್ ಅದ, ಅದೂ ಛಲೋ ಕೋರ್ಸೇ, ಟೈಮೂ ಸಲೀಸು. ನಾನಾದ್ರ ಯಜಮಾನರಿಗೆ ರೆಡ್ ಆಡಸ್ತೀನಿ, ಬ್ಲ್ಯಾಕಿನ ಬೋರ್ಡ್ ಮುಂದ ನಿಲ್ಲಿಸಿ ಒಂದು ಫೋಟೋ ತಗೀತೀನಿ.

ಪ್ರಶ್ನೆ: ನನ್ನ ಮಗಳಿಗಿ ಹನ್ನೊಂದು ವರ್ಷ. ಒಲಿಂಪಿಕ್ಸಿನಾಗ ಅದಿತಿ ಅಶೋಕ್ ಆಡಿದ್ದು ಮೊಬೈಲಿನಾಗ ನೋಡಿ, ನಾನೂ ಕಲೀತೀನಿ ಅಂತ ಬೆನ್ನು ಹತ್ಯಾಳ. ನಮ್ಮ ಕಡಿ ಎಲ್ಲಿ ಕಲಿಸಬೇಕು, ಕ್ಲಬ್ ಮೆಂಬರ್ ಆಗೋವಷ್ಟು ಶಕ್ತಿ ನಮಗಿಲ್ಲ.
(ಓದುಗರು, ಶಹಾಪುರ)

ಉತ್ತರ: ಅಣ್ಣಾರ, ಹುಡುಗಿ ಆಸೆ ಮುರಿಬ್ಯಾಡ್ರಿ. ಟೋಕಿಯೋದಾಗ ಅದಿತಿ ನಾಕನೇ ಬಂದ್ರು, ಒಂದೇ ಸ್ಟ್ರೋಕಿನಾಗ ಮೆಡಲ್ ತಪ್ಪಿತು, ಆ ದಿನ ಮುಂಜಾನಿ ಗಾಲ್ಫ್ ಗೊತ್ತಿಲ್ಲದ ನಮ್ಮ ಓಣಿ ಮಂದಿ ಸೈತ ಎದ್ದು ಕೂತು ನೋಡಿದ್ರು. ಅವರು ಬೆಂಗಳೂರಿನವರು, ಐದಾರು ವಯಸ್ಸಿನಾಗೇ ಶುರು ಮಾಡಿದವರು. ನಿಮ್ಮ ಮಗಳಿಗಿ ಹನ್ನೊಂದು, ತಡ ಏನಾಗಿಲ್ಲ.

ಬೀದರ, ಕಲಬುರಗಿ, ಯಾದಗಿರಿ, ನಮ್ಮ ಈ ಮೂರೂ ಜಿಲ್ಲಾದವರಿಗೆ ಹತ್ರ ಅಂದ್ರ ಹೈದರಾಬಾದೇ. ಗೋಲ್ಕೊಂಡ ಕೋಟಿ ಬಾಜೂಕ ನಯಾ ಕಿಲಾದಾಗ ಕೋರ್ಸ್ ಅದ. ಮೊದಲೇ ಮೆಂಬರ್‌ಶಿಪ್ ಕೇಳಬ್ಯಾಡ್ರಿ, ಡ್ರೈವಿಂಗ್ ರೇಂಜ್ ಕೇಳ್ರಿ, ಒಂದು ಬುಟ್ಟಿ ಬಾಲಿಗಿ ಇಷ್ಟಂತ ರೊಕ್ಕ ಕೊಟ್ಟು ಹೊಡಿಯೋದು. ದಸರಾ ರಜದಾಗ ಎಂಟು ದಿನ ಯಾರದರೇ ಬೀಗರ ಮನಿನಾಗ ಇಟ್ಟು ಕೋಚ್ ಹತ್ರ ಕಳಸ್ರಿ, ಆಕಿಗಿ ಸೇರ್ತದೋ ಇಲ್ಲೋ ತಿಳೀತದ. ಸೆಟ್ ಪೂರಾ ತಗೋಬ್ಯಾಡ್ರಿ, ಹಳೇ ಏಳನೇ ನಂಬರ್ ಐರನ್ ಕ್ಲಬ್ ಒಂದು, ಬಾಲನ್ನ ನೆಲದ ಮ್ಯಾಲ ಮೆಲ್ಲಕ ಉರುಳಿಸೋ ಪಟರ್ ಒಂದು ಸಾಕು, ಉದ್ದ ಆದ್ರ ಹಿಡಿ ಕಡಿದು ಮಕ್ಕಳಿಗಿ ಸರಿ ಮಾಡಿ ಕೊಡ್ತಾರ. ಮನಿ ಮುಂದ ಫರ್ಸಿ ಕಲ್ಲಿನ ಮ್ಯಾಲ ಒಂದು ಲೋಟಾ ಅಡ್ಡ ಇಟ್ಟು ಪಟ್ ಮಾಡ್ಲಿ, ಶಹಾಬಾದ ಕಲ್ಲು ಅಷ್ಟು ಸಪಾಟ ಇದ್ದಾಗ ಬಾಲು ಹಾದಿ ತಪ್ಪಿದ್ರ ಅದು ಕೈಯಿಂದೇ ತಪ್ಪು ಅಂತ ಆಕಿಗೇ ತಿಳೀತದ. ಮುಂದ ದಿಲ್ಲಿಗಿ ಹೋಗೋದು ಬಂದ್ರ ಲಾಡೋ ಸರಾಯ್‌ದಾಗ ಡಿಡಿಎದವರ, ಅಂದ್ರ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರದವರ, ಕುತುಬ್ ಗಾಲ್ಫ್ ಕೋರ್ಸ್ ಅದ, ಅದು ಪಬ್ಲಿಕ್‌ದು, ರೊಕ್ಕ ಕಟ್ಟಿ ಆಡಬಹುದು. ಅಂಥದ್ದೊಂದು ಕಲಬುರಗಿನಾಗೂ ಬೇಕು, ಇದನ್ನ ಓದೋ ಅಧಿಕಾರಿಗಳಿಗೆ ಕೈ ಮುಗಿದು ಕೇಳ್ತೀನಿ, ಹದಿನೆಂಟು ಹೋಲು ಬ್ಯಾಡ, ಮಕ್ಕಳಿಗಿ ಒಂದು ರೇಂಜ್ ಆದ್ರ ಸಾಕು.

ಪ್ರಶ್ನೆ: ನಾವೂ ಸ್ಕಾಟ್ಲೆಂಡಿಗೆ ಹೊಂಟೀವಿ, ನಮ್ಮ ಮನಿಯವರು ಆಡ್ತಾರ, ನಾ ಆಡಲ್ಲ. ಅವರು ಆಡೋವಾಗ ನಾ ಎಲ್ಲಿ ಇರಬೇಕು? ಒಳಗ ಬಿಡ್ತಾರೇನ್ರಿ, ಟಿಕೆಟ್ ಅದ ಏನು?
(ಓದುಗರು, ಹುಮನಾಬಾದ)

ಉತ್ತರ: ಟಿಕೆಟ್ ಇಲ್ಲ ತಾಯಿ, ಗೇಟೂ ಇಲ್ಲ. ಅವರು ಆಡುವಾಗ ಬಾಜೂಕೇ ವೆಸ್ಟ್ ಸ್ಯಾಂಡ್ಸ್ ಅಂತ ಉದ್ದ ಸಮುದ್ರ ದಂಡಿ ಅದ, ಅಲ್ಲಿ ಅಡ್ಡಾಡ್ರಿ. ಅದರ ಹತ್ರನೇ ಹಿಮಾಲಯಾಸ್ ಅಂತ ಒಂದು ಸಣ್ಣ ಮೈದಾನ ಅದ, ಏರು ತಗ್ಗು ಇರೋ ಹುಲ್ಲಿನ ಮ್ಯಾಲ ಬರೇ ಪಟಿಂಗ್ ಆಡೋದು. 1867ರಾಗ ಅಲ್ಲಿನ ಹೆಂಗಸರೇ ಕೂಡಿ ಕ್ಲಬ್ ಮಾಡಿದ್ದು ಅದು, ಈಗ್ಲೂ ಅದು ಅವರದೇ, ಹೊರಗಿನವರೂ ಕೆಲವೇ ಪೌಂಡ್ ಕೊಟ್ಟು ಆಡಬಹುದು, ಹ್ಯಾಂಡಿಕ್ಯಾಪ್ ಕೇಳಲ್ಲ, ಬ್ಯಾಲಟ್ ಇಲ್ಲ. ಪಟರ್ ಅವರೇ ಕೊಡ್ತಾರ. ಹಿಂದೆಂದೂ ಪಟರ್ ಹಿಡಿಯದವರು ಸೈತ ಅಲ್ಲಿ ನಕ್ಕೋತ ಆಡ್ತಾರ, ನೀವೂ ಆಡ್ರಿ.

ಓಲ್ಡ್ ಕೋರ್ಸಿನ ಒಳಗ ಹೋಗಬೇಕಂದ್ರ ಭಾನುವಾರ ಹೋಗ್ರಿ. ಆವತ್ತು ಆಟ ಬಂದ್, ಮೈದಾನ ಊರ ಮಂದಿಗೆ. ನಾಯಿ ಕರ್ಕೊಂಡು ಬರ್ತಾರ, ಬುತ್ತಿ ಕಟ್ಕೊಂಡು ಬರ್ತಾರ, ಗ್ರೀನ್, ಅಂದ್ರ ಬಾಲ್ ಬೀಳೋ ಕುಳಿ ಸುತ್ತಿನ ನುಣುಪು ಹುಲ್ಲು, ಅದರ ಮ್ಯಾಲ ಮಾತ್ರ ಕಾಲಿಡಲ್ಲ, ನೀವೂ ಇಡಬ್ಯಾಡ್ರಿ. ಹದಿನೆಂಟನೇ ಹೋಲಿನಾಗ ಸ್ವಿಲ್ಕನ್ ಬ್ರಿಜ್ ಅದ, ಟಿವಿನಾಗ ದೊಡ್ಡದು ಕಾಣಸ್ತದ, ಹತ್ರ ಹೋದ್ರ ನಮ್ಮ ಹಳ್ಳದ ಮೋರಿಯಷ್ಟೇ, ಎಂಟು ಹತ್ತು ಹೆಜ್ಜಿ. ಮೊದಲು ಕುರಿ ಕಾಯೋರು ದಾಟ್ಲಿಕ್ಕೆ ಕಟ್ಟಿದ್ದಂತ. ಕಲ್ಲು ನಡುವ ಸವದು ತಗ್ಗಾಗ್ಯಾದ, ನಮ್ಮ ಕಲಬುರಗಿ ಕೋಟಿ ಮೆಟ್ಟಲು ಸವದಂಗೇ, ಮಳಿ ಬಂದಾಗ ಅದರಾಗ ನೀರು ನಿಲ್ತದ. ಮುಂಜಾನಿ ಎಂಟರ ಒಳಗ ಹೋಗ್ರಿ, ಆಮ್ಯಾಲ ಫೋಟೋ ತಗ್ಸೋರ ಪಾಳಿ ಅಲ್ಲೂ ಹಚ್ತದ.